ಅಮ್ಮಿ ಬೈದ ಸಂಜೆ

ರೋಜಾ ಇದ್ದವರಿಗೂ, ಇರಲಾಗದೆ ಮನಸ್ಸಿನಲ್ಲೇ ನೊಂದವರಿಗೂ ನನ್ನ ಸಲಾಂ.

ಈ ಸಲ ರಂಜಾನಿನ ಚಂದ್ರ ಕಾಣುವ ಮೊದಲೇ ನನ್ನ ತಾಯಿಗೆ ಲಕ್ವ ಹೊಡೆಯಿತು. ಯಲ್ಲಾಪುರದ ನಮ್ಮ ಮನೆಯಲ್ಲಿ ತಿಂಗಳಿಗೆಂದು ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಹಿಡಿದಂತೆಯೇ ವಾಲಿದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಮನೆಗೆ ತಂದ ಮೇಲೆ ಚಮಚದಲ್ಲಿ ಕೊಟ್ಟಿದ್ದನ್ನು ನುಂಗುತ್ತಿದ್ದಳು, ಅಷ್ಟೇ. ಕಣ್ಣು ಯಾವಾಗಲೂ ಗೋಡೆಯ ಮೇಲೆ.

ನಾನು ಅಳಲಿಲ್ಲ. ಅಳು ಬರಲಿಲ್ಲ ಎನ್ನುವುದೇ ಸರಿ. ರೋಜಾ ಇದ್ದೆ, ನಮಾಜು ಮಾಡಿದೆ, ಬಟ್ಟೆ ಒಗೆದೆ, ಎಲ್ಲವೂ ಒಂದೇ ಥರ. ಹಸಿವೂ ಗೊತ್ತಾಗುತ್ತಿರಲಿಲ್ಲ. ದುವಾಕ್ಕೆ ಕೈ ಎತ್ತಿದರೆ ಬರುತ್ತಿದ್ದುದು ಒಂದೇ ಮಾತು: "ಯಾ ಅಲ್ಲಾ, ಅಮ್ಮಿ ಒಂದು ಮಾತಾಡಲಿ, ಬೈದರೂ ಸರಿ." ಅದೂ ಬಾಯಿಪಾಠದಂತೆ.

"ಕಣ್ಣೀರಿಲ್ಲದ ದುವಾ ಮುಟ್ಟುತ್ತಾ?" ಎಂದು ಯಜಮಾನರನ್ನು ಕೇಳಿದೆ. ಶಿರಸಿಗೆ ಸಾಮಾನಿನ ಟೆಂಪೊ ಓಡಿಸುವ ಅವರದು ಮಾತು ಕಡಿಮೆ.

"ಕೇಳೋದಷ್ಟೇ ನಿನ್ನ ಕೆಲ್ಸ. ಉಳಿದಿದ್ದು ಅವನಿಗೆ ಬಿಡು," ಎಂದರು.

ಬೈಯುವುದರಲ್ಲಿ ಅಮ್ಮಿ ಗಟ್ಟಿಗಿತ್ತಿ. ನನ್ನ ಅಡುಗೆಯನ್ನು ಒಮ್ಮೆಯೂ ಚೆನ್ನಾಗಿದೆ ಎಂದವಳಲ್ಲ. ರೋಜಾದಲ್ಲಿ ಅವಳು ಯಾರಿಗೂ ರುಚಿ ನೋಡಲು ಬಿಡುತ್ತಿರಲಿಲ್ಲ. ಇಫ್ತಾರಿನ ಗಂಜಿ ಕುದಿಯುವಾಗ ತಾನೇ ಹಬೆಗೆ ಮೂಗು ಹಿಡಿದು, "ಇನ್ನೊಂದು ಚಿಟಿಕೆ ಉಪ್ಪು," ಎನ್ನುತ್ತಿದ್ದಳು. ಅವಳ ಮೂಗು ತಪ್ಪಿದ್ದು ನಾನು ಕಂಡಿಲ್ಲ.

ತಿಂಗಳು ಅರ್ಧ ಕಳೆದಿರಬೇಕು, ರಿಪೋರ್ಟ್ ತೋರಿಸಲು ನಾನೊಬ್ಬಳೇ ಹುಬ್ಬಳ್ಳಿಗೆ ಹೋದೆ.

"ಮಾತು ಬರಬಹುದು, ಬರದೇನೂ ಇರಬಹುದು. ಭಾಳ ಆಸೆ ಇಟ್ಕೋಬ್ಯಾಡ್ರಿ," ಎಂದರು ಡಾಕ್ಟರು.

ಮರಳುವ ಬಸ್ಸಿನಲ್ಲಿ ಕಿರವತ್ತಿ ದಾಟಿದ್ದೂ ತಿಳಿಯಲಿಲ್ಲ. ಪಕ್ಕದ ಹೆಂಗಸು, "ಅಕ್ಕಾರ, ನಿಮ್ ಚೀಲ ಬಿತ್ತು ನೋಡ್ರಿ," ಎಂದಳು. ಹೌದೆಂದು ತಲೆಯಾಡಿಸಿ ಕೂತೇ ಇದ್ದೆ. ಕೊನೆಗೆ ಅವಳೇ ಎತ್ತಿ ನನ್ನ ಮಡಿಲಲ್ಲಿಟ್ಟಳು.

ಮನೆಗೆ ಬಂದವಳೇ ಗಂಜಿಗೆ ಇಟ್ಟೆ. ಅಜಾನ್ ಆಯಿತು. ಖರ್ಜೂರ ತಿಂದು ರೋಜಾ ಬಿಟ್ಟು ನಾನೂ ಯಜಮಾನರೂ ಗಂಜಿ ಕುಡಿದೆವು. ಆಮೇಲೆ ಬಟ್ಟಲು ಹಿಡಿದು ಅಮ್ಮಿಯ ಪಕ್ಕ ಕೂತೆ.

ಮೊದಲ ಚಮಚ ಒಳಗೆ ಹೋಯಿತು. ನುಂಗಲಿಲ್ಲ. ಹುಬ್ಬು ಗಂಟಿಕ್ಕಿತು. ಗಂಜಿ ಗಲ್ಲದ ಮೇಲೆ ಇಳಿಯಿತು. ಗೋಡೆ ಬಿಟ್ಟು ನನ್ನ ಮುಖ ನೋಡಿದಳು.

"ನಮಕ್ ನೈ," ಎಂದಳು. ನಾಲಿಗೆ ತೊದಲಿತು, ಸಿಟ್ಟು ಮಾತ್ರ ಹಳೆಯದೇ.

ಅದೇ ಚಮಚ ನಾಲಿಗೆಗೆ ಹಚ್ಚಿದೆ. ಉಪ್ಪು ಹಾಕಿರಲೇ ಇಲ್ಲ. ಒಂದು ಬಟ್ಟಲು ಪೂರ್ತಿ ಕುಡಿದಿದ್ದ ನನಗೆ ಅದು ಗೊತ್ತಾಗಿರಲಿಲ್ಲ.

"ನಿಮಗೂ ಗೊತ್ತಾಗ್ಲಿಲ್ವಾ?" ಎಂದು ಯಜಮಾನರನ್ನು ಕೇಳಿದೆ.

"ಗೊತ್ತಾಯ್ತು. ನಿನ್ನ ಮುಖ ನೋಡಿ ಸುಮ್ನೆ ಕುಡಿದೆ."

ಆಗ ಅಳು ಬಂತು. ಅಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೆನೋ, ಅರ್ಥವಾದದ್ದು ಆ ಸಂಜೆ.

ನಾನು ಬೈಗುಳ ಕೇಳಿದ್ದೆ, ಅಲ್ಲಾ ಬೈಗುಳವನ್ನೇ ಕೊಟ್ಟ. ಅಲ್ಹಮ್ದುಲಿಲ್ಲಾಹ್. ಮರಗಟ್ಟಿದ ಮನಸ್ಸಿನ ದುವಾವನ್ನೂ ಅವನು ತಳ್ಳಿಹಾಕುವುದಿಲ್ಲ ಎಂದು ಈಗ ನಾನು ಗಟ್ಟಿಯಾಗಿ ನಂಬಿದ್ದೇನೆ. ನಿಮಗೂ ಕಣ್ಣು ಒದ್ದೆಯಾಗದಿದ್ದರೆ, ಎತ್ತಿದ ಕೈ ಇಳಿಸಬೇಡಿ.

ಈದ್ ದಿನದ ಶೀರ್‌ಖುರ್ಮಾಕ್ಕೆ ಸಕ್ಕರೆ ಸಾಲದಂತೆ. ಅಮ್ಮಿಯೇ ಹೇಳಿದಳು.