ಫ್ರೀ ಏಜೆಂಟ್

ಕೊಬ್ಬರಿ ಎಣ್ಣೆಯ ಬಾಟಲಿ ಹಜಾರದ ಹೀಟರಿನ ಮೇಲೆ ಬಂದು ಕೂತಿತೆಂದರೆ ನಮ್ಮ ಮನೆಗೆ ನವೆಂಬರ್ ಬಂತೆಂದೇ ಅರ್ಥ. ಸ್ಟಾಕ್‌ಹೋಮಿನಲ್ಲಿ ಕೊಬ್ಬರಿ ಎಣ್ಣೆ ಎಣ್ಣೆಯಾಗಿರುವುದೇ ಅಪರೂಪ, ವರ್ಷದ ಬಹುಪಾಲು ಅದು ಮೇಣದಂತೆ ಗಟ್ಟಿಯಾಗಿಯೇ ಇರುತ್ತದೆ. ನನ್ನ ಗಂಡ ಮಧು ಅದನ್ನು ಕಾಯಿಸುವುದು ತಲೆಗೆ ಹಚ್ಚಿಕೊಳ್ಳಲು ಎಂದು ನೀವು ಊಹಿಸಿದ್ದರೆ ತಪ್ಪು. ಹಚ್ಚುವಷ್ಟು ಕೂದಲು ಅವನ ತಲೆಯಲ್ಲಿ ಉಳಿದಿಲ್ಲ. ಅವನು ಹಚ್ಚುವುದು ಬೇಸ್‌ಬಾಲಿನ ಒಂದು ಚರ್ಮದ ಗ್ಲೌಸಿಗೆ. ಆ ಗ್ಲೌಸಿನಲ್ಲಿ ಅವನು ಇದುವರೆಗೆ ಚೆಂಡು ಹಿಡಿದದ್ದನ್ನು ನಾನು ಕಂಡಿಲ್ಲ. ಒಮ್ಮೆ ಮಗಳು ಎಸೆದ ಕಿತ್ತಳೆ ಹಣ್ಣನ್ನು ಹಿಡಿದಿದ್ದ, ಅಷ್ಟೇ.

ಈ ಸಲ ಆ ಎಣ್ಣೆಯ ವಾಸನೆ ನನ್ನ ಮೂಗಿಗೆ ಬಡಿದದ್ದು ಹಾಡುಹಗಲಿನಲ್ಲಿ, ಆಫೀಸಿನಲ್ಲಿರಬೇಕಾದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಯಾಕಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನನಗಾಗಿ ಮರುಗುತ್ತ ಕೂರುತ್ತೀರಿ. ನನಗೋ, ಮೊದಲು ನಿಮ್ಮನ್ನು ಸ್ವಲ್ಪ ನಗಿಸುವ ಆಸೆ.

ನಮ್ಮ ಪರಿಚಯದ ಕನ್ನಡಿಗರೆಲ್ಲ ಕ್ರಿಕೆಟ್ಟಿನವರು. ಬೇಸಿಗೆ ಬಂದರೆ ಪಾರ್ಕಿನಲ್ಲಿ ಸ್ಟಂಪು ನೆಟ್ಟು, ಪುಳಿಯೋಗರೆ ತಿಂದು, ಸೊಂಟ ಹಿಡಿದುಕೊಂಡು ಮನೆಗೆ ಹೋಗುವವರು. ಮಧು ಒಬ್ಬನೇ ಬೇಸ್‌ಬಾಲ್ ಪಾಲಾದ. ಸ್ವೀಡನ್ನಿನ ದಕ್ಷಿಣ ತುದಿಯ ಕಾರ್ಲ್‌ಸ್ಕ್ರೂನಾ ಊರಿನಲ್ಲಿ ಅವನಿಗೆ ಮೊದಲ ಕೆಲಸ ಸಿಕ್ಕಿದಾಗ ಅಮೆರಿಕದ ಸಹೋದ್ಯೋಗಿಗಳು ಪ್ರತಿ ಮೀಟಿಂಗನ್ನೂ ಹಿಂದಿನ ದಿನದ ಆಟದ ಸುದ್ದಿಯಿಂದಲೇ ಶುರುಮಾಡುತ್ತಿದ್ದರಂತೆ. ತನಗೂ ಮಾತಾಡಲು ಏನಾದರೂ ಇರಲಿ ಎಂದು ಇವನು ಒಂದು ಆಟ ನೋಡಿದ. ಅದರಲ್ಲಿ ಹೀನಾಯವಾಗಿ ಸೋತ ತಂಡದ ಮೇಲೆ ಕನಿಕರ ಹುಟ್ಟಿತು. ಕನಿಕರದಿಂದ ಹುಟ್ಟಿದ ಸಂಬಂಧ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ತಂಡದ ಹೆಸರನ್ನು ನಾನು ಇಲ್ಲಿ ಹೇಳುವಂತಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ಮಧುವಿನ ನಂಬಿಕೆ. ಅದರ ಆಟ ನೋಡಿದವರು ಯಾರಾದರೂ ದೃಷ್ಟಿ ಹಾಕಿಯಾರು ಎಂದು ನನಗಂತೂ ಅನಿಸಿಲ್ಲ.

ಆಟ ನಡೆಯುವ ತಿಂಗಳುಗಳನ್ನು ಹೇಗೋ ತಡೆದುಕೊಳ್ಳಬಹುದು. ಆಟವೇ ಇಲ್ಲದ ಚಳಿಗಾಲವನ್ನು ತಡೆದುಕೊಳ್ಳುವುದು ಕಷ್ಟ. ಆಗ ತಂಡಗಳು ತಮ್ಮ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಒಪ್ಪಂದ ಮುಗಿದು ಯಾವ ತಂಡಕ್ಕೂ ಸೇರದೆ ಇರುವವನನ್ನು ‘ಫ್ರೀ ಏಜೆಂಟ್’ ಎನ್ನುತ್ತಾರೆ, ಯಾರು ಬೇಕಾದರೂ ಅವನನ್ನು ಕರೆಯಬಹುದು. ಯಾರನ್ನು ಬಿಡಬೇಕು, ಯಾರನ್ನು ತರಬೇಕು ಎಂದು ಮಧು ನವೆಂಬರಿನಿಂದ ಫೆಬ್ರವರಿಯವರೆಗೆ ತಲೆ ಕೆಡಿಸಿಕೊಳ್ಳುತ್ತಾನೆ. ತಂಡದ ಮಾಲೀಕರು ಇವನನ್ನು ಇದುವರೆಗೆ ಒಂದು ಮಾತೂ ಕೇಳಿಲ್ಲ ಎಂಬುದು ಅವನ ಉತ್ಸಾಹಕ್ಕೆ ಅಡ್ಡಿಯಾಗಿಲ್ಲ.

ನಾನು ಹೇಳಹೊರಟಿರುವುದು ನಮ್ಮ ಮದುವೆಗೆ ಮುಂಚಿನ ಒಂದು ಚಳಿಗಾಲದ ಮಾತು. ಆಗ ಮಧು ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿದ್ದ. ಲಿಫ್ಟಿನಲ್ಲಿ ಸಿಕ್ಕಾಗ ಕನ್ನಡದಲ್ಲಿ ಚಳಿಯನ್ನು ಬೈದುಕೊಳ್ಳುವಷ್ಟು ಪರಿಚಯವಿತ್ತು. ಆ ನವೆಂಬರಿನಲ್ಲಿ ತುಮಕೂರಿನಿಂದ ಅಮ್ಮ ಬಂದಳು. ಮೂರು ತಿಂಗಳ ವೀಸಾ, ಸೂಟ್‌ಕೇಸಿನ ತುಂಬ ಹುರಿಗಾಳು, ಸಾರಿನ ಪುಡಿ, ಎಲ್ಲಕ್ಕಿಂತ ಅಡಿಯಲ್ಲಿ ಸೀರೆಯ ಮಡಿಕೆಯೊಳಗೆ ನನ್ನದೊಂದು ಫೋಟೋ. ನನಗೆ ಮದುವೆ ಮಾಡಿಸದೆ ವಾಪಸ್ಸು ಹೋಗುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತ್ತು.

ಅಮ್ಮನಿಗೆ ಈ ದೇಶದಲ್ಲಿ ಬಹಳ ಹಿಡಿಸಿದ್ದು ಕಟ್ಟಡದ ನೆಲಮಾಳಿಗೆಯ ತ್ವೆಟ್‌ಸ್ಟೂಗ, ಅಂದರೆ ಎಲ್ಲ ಮನೆಯವರೂ ಸರದಿ ಕಾದಿರಿಸಿ ಬಟ್ಟೆ ಒಗೆಯುವ ಕೋಣೆ. ಊರಿನ ಸುದ್ದಿ ತಿಳಿಯಲು ಹೇಳಿ ಮಾಡಿಸಿದ ಜಾಗ ಎಂದು ಅವಳು ಮೊದಲ ದಿನವೇ ಪತ್ತೆ ಹಚ್ಚಿದ್ದಳು. ಸುದ್ದಿಯೆಲ್ಲ ಸ್ವೀಡಿಷ್ ಭಾಷೆಯಲ್ಲಿತ್ತು ಎಂಬುದೊಂದೇ ಕೊರತೆ. ಒಂದು ಬೆಳಿಗ್ಗೆ ಆ ಕೊರತೆಯೂ ನೀಗಿತು. ಅವಳು ಬಾಗಿಲ ಬಳಿ ಹೋಗುವಾಗ ಒಳಗೆ ಮಧು ಅಂಗಿ ಮಡಿಸುತ್ತ, ಫೋನನ್ನು ಸ್ಪೀಕರಿಗೆ ಹಾಕಿ ಯಂತ್ರದ ಮೇಲಿಟ್ಟು, ಕಾರ್ಲ್‌ಸ್ಕ್ರೂನಾದ ಗೆಳೆಯ ರವಿಯ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದ.

“ಆ ಹುಡುಗನ ಏಜೆಂಟ್ ತುಂಬಾ ಜಾಸ್ತಿ ಕೇಳ್ತಿದಾನೆ ಮಗಾ. ಐದು ವರ್ಷಕ್ಕೆ ಬೇಕಂತೆ!”

“ಯಾರು ಒಪ್ತಾರೋ? ಎರಡು ವರ್ಷಕ್ಕಾದ್ರೆ ನೋಡ್ಬೋದು. ಅವನ ಹಿಸ್ಟರಿ ಗೊತ್ತಲ್ವಾ, ಎಲ್ಲೂ ನಿಂತಿಲ್ಲ.”

ಅಮ್ಮ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಗಂಡು, ಏಜೆಂಟು, ಬೇಡಿಕೆ, ಹುಡುಗನ ಹಿನ್ನೆಲೆ. ವರ್ಷದ ಲೆಕ್ಕ ಮಾತ್ರ ಅವಳಿಗೆ ಸ್ವಲ್ಪ ಕಸಿವಿಸಿ ಮಾಡಿತಂತೆ. ಆದರೆ ಈ ದೇಶದಲ್ಲಿ ಎಲ್ಲಕ್ಕೂ ಒಂದು ಅವಧಿ ಇರುವುದನ್ನು ನೋಡಿದ್ದಳಲ್ಲ, ಮದುವೆಗೂ ಇದ್ದೀತು ಎಂದುಕೊಂಡಳು. ಮರುದಿನ ಲಿಫ್ಟಿನಲ್ಲಿ ಅವನು ಒಬ್ಬನೇ ಸಿಕ್ಕ.

“ಏನಪ್ಪಾ, ಇವತ್ತು ಆಫೀಸಿಲ್ವಾ?”

ಅವನಿಗೆ ಆ ಪ್ರಶ್ನೆ ಚುಚ್ಚಿತ್ತು. ಹದಿನೈದು ದಿನದ ಹಿಂದಷ್ಟೇ ಅವನ ಕಂಪನಿ ಒಂದಷ್ಟು ಜನರನ್ನು ಮನೆಗೆ ಕಳಿಸಿತ್ತು, ಅದರಲ್ಲಿ ಇವನೂ ಒಬ್ಬ. ನಮ್ಮಂಥವರಿಗೆ ಕೆಲಸ ಹೋದರೆ ಮೂರು ತಿಂಗಳೊಳಗೆ ಇನ್ನೊಂದು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಈ ದೇಶ ಬಿಡಬೇಕು. ಆ ಸಂಕಟವನ್ನು ಲಿಫ್ಟಿನಲ್ಲಿ ಹೇಳಿಕೊಳ್ಳಲಾರದೆ ಅವನು ನಕ್ಕುಬಿಟ್ಟ.

“ಇಲ್ಲ ಆಂಟಿ. ಈಗ ನಾನು ಫ್ರೀ ಏಜೆಂಟ್.”

ಏಜೆಂಟು, ಅದೂ ಫ್ರೀ! ದುಡ್ಡು ಮುಟ್ಟದೆ ಗಂಡು ಹುಡುಕಿಕೊಡುವ ಮನುಷ್ಯ, ಅದೂ ನಮ್ಮ ತಲೆಯ ಮೇಲಿನ ಮನೆಯಲ್ಲೇ. ಅಮ್ಮ ನನಗೆ ಒಂದಕ್ಷರವನ್ನೂ ಹೇಳಲಿಲ್ಲ. ಮಾರನೆಯ ದಿನದಿಂದ ಕೋಡುಬಳೆ, ಚಿತ್ರಾನ್ನ, ಬಿಸಿಬೇಳೆ ಬಾತ್ ಮೇಲಿನ ಮಹಡಿಗೆ ಹತ್ತತೊಡಗಿದವು. ಸ್ವಲ್ಪ ದಿನದಲ್ಲಿ ಅವನೇ ಇಳಿದು ನಮ್ಮ ಅಡುಗೆಮನೆಗೆ ಬರತೊಡಗಿದ. ಕೆಲಸ ಹೋದದ್ದನ್ನು ಅವನು ಅವಳಿಗೂ ಹೇಳಿರಬೇಕು, ಅದಕ್ಕೇ ಅಮ್ಮನಿಗೆ ಕರುಣೆ ಬಂದಿದೆ ಎಂದು ನಾನು ಭಾವಿಸಿದೆ. ಅವನೂ ಹಾಗೆಯೇ ತಿಳಿದಿದ್ದ. ಪಿಎಚ್‌ಡಿ ಮಾಡಿದವಳು ನಾನು, ಇಷ್ಟು ಕಣ್ಣೆದುರಿಗಿದ್ದದ್ದನ್ನು ಕಾಣದೆ ಹೋದೆ.

ಡಿಸೆಂಬರಿನ ಒಂದು ಭಾನುವಾರ ಅವರಿಬ್ಬರ ನಡುವೆ ನಡೆದ ಮಾತು ನನಗೆ ಇನ್ನೂ ಹಾಗೆಯೇ ನೆನಪಿದೆ.

“ಈಗ ಮಾರ್ಕೆಟ್ ಹೇಗಿದೆಯಪ್ಪಾ?” ಎಂದಳು ಅಮ್ಮ, ಅವನ ತಟ್ಟೆಗೆ ಇನ್ನೊಂದು ಕೋಡುಬಳೆ ಹಾಕುತ್ತ.

“ಡಲ್ ಆಂಟಿ. ಆಫ್ ಸೀಸನ್ ಅಲ್ವಾ? ಎಲ್ರೂ ಬರೀ ಮಾತಾಡ್ತಿದಾರೆ, ಯಾರೂ ಕೈ ಹಾಕ್ತಿಲ್ಲ.”

“ಧನುರ್ಮಾಸ ಬಂತಲ್ಲ, ಅದಕ್ಕೇ. ಸಂಕ್ರಾಂತಿ ಕಳೀಲಿ, ಆಮೇಲೆ ನೋಡಿ.”

“ಕರೆಕ್ಟ್ ಆಂಟಿ! ಜನವರಿ ಆದ್ಮೇಲೆ ರೇಟ್ ಇಳಿಯತ್ತೆ.”

“ಇಳಿಯತ್ತೆ. ವಯಸ್ಸಾಗ್ತಾ ಬಂದ್ರೆ ಯಾರಿಗಾದ್ರೂ ಇಳೀಲೇಬೇಕಲ್ಲ,” ಎಂದು ಅಮ್ಮ ನನ್ನ ಕಡೆ ನೋಡಿದಳು.

ಅವನು ಹುರುಪಿನಿಂದ ಕುರ್ಚಿಯನ್ನು ಮುಂದೆಳೆದುಕೊಂಡ. “ನಮ್ಮಲ್ಲೊಬ್ಬ ಇದಾನೆ ಆಂಟಿ. ಎಡಗೈಯವನು. ಭುಜಕ್ಕೆ ಆಪರೇಷನ್ ಆಗಿದೆ, ಆದ್ರೆ ಮನುಷ್ಯ ಚಿನ್ನ.”

“ಮುಚ್ಚಿಡದೆ ಹೇಳ್ತೀರಲ್ಲ, ಅದು ದೊಡ್ಡದು. ನಮ್ಮ ಕಡೆ ಇಂಥದ್ದೆಲ್ಲ ಮುಚ್ಚಿಡ್ತಾರೆ.”

“ಇಲ್ಲೂ ಮುಚ್ಚಿಡ್ತಾರೆ. ಆಮೇಲೆ ಮೆಡಿಕಲ್ ಟೆಸ್ಟಲ್ಲಿ ಸಿಕ್ಕಿಬೀಳ್ತಾರೆ.”

“ಟೆಸ್ಟೂ ಮಾಡಿಸ್ತಾರಾ! ಒಳ್ಳೇ ಪದ್ಧತಿ.”

“ಅವನನ್ನ ಕೊಟ್ರೆ ಇಬ್ಬರು ಚಿಕ್ಕ ಹುಡುಗ್ರನ್ನ ಕೊಡ್ತೀವಿ ಅಂತಿದಾರೆ. ಏನ್ ಮಾಡೋದೋ ಗೊತ್ತಾಗ್ತಿಲ್ಲ.”

“ಇಬ್ಬರನ್ನ ಇಟ್ಕೊಂಡು ಏನು ಮಾಡೋದು? ಒಬ್ಬ ಸಾಕು. ಗಟ್ಟಿಯಾಗಿರಲಿ,” ಎಂದಳು ಅಮ್ಮ, ಕೊಂಚ ಗಾಬರಿಯಿಂದಲೇ.

ಮಧು ಮೆಚ್ಚುಗೆಯಿಂದ ತಲೆದೂಗಿದ. ನಾನು ಹೆಮ್ಮೆಯಿಂದ ಬೀಗಿದೆ. ಬಂದು ಎರಡು ತಿಂಗಳಾಗುವುದರೊಳಗೆ ಅಮ್ಮ ಬೇಸ್‌ಬಾಲಿನ ಮರ್ಮ ಹಿಡಿದಿದ್ದಾಳೆ ಎಂದು ಆಫೀಸಿನ ಫಿಕಾದಲ್ಲಿ, ಕಾಫಿ ಕುಡಿಯುತ್ತ ಎಲ್ಲರ ಮುಂದೆ ಹೇಳಿಕೊಂಡೆ. ಮನೆಯಲ್ಲಿ ಮಾತು ಒಂದೇ, ವ್ಯಾಪಾರ ಎರಡು ನಡೆಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಸಂಕ್ರಾಂತಿಯ ದಿನ ಅಮ್ಮ ಎಳ್ಳುಬೆಲ್ಲ ಕೊಡಲು ಮೇಲೆ ಹೋಗಿಬಂದಳು. ಸಂಜೆ ನಾನು ತ್ವೆಟ್‌ಸ್ಟೂಗದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಮಧು ಬಂದ. ಒಂದು ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ, ಇನ್ನೊಂದರಲ್ಲಿ ಹಸಿರು ರೇಷ್ಮೆ ಸೀರೆಯ ನನ್ನ ಫೋಟೋ. ಅದರಲ್ಲಿದ್ದ ಬಿಳುಪು ಸ್ಟುಡಿಯೋದವರದು, ನಗು ಅಮ್ಮನ ಬಲವಂತದ್ದು.

“ಸಾರಿ, ಇದನ್ನ ನಿಮ್ಮಮ್ಮ ಕೊಟ್ರು,” ಎಂದ. ಅವನ ಕಿವಿಯೆಲ್ಲ ಕೆಂಪಾಗಿತ್ತು. “‘ನಿಮ್ಮ ಹತ್ರ ಇರೋರಲ್ಲಿ ಒಂದು ಒಳ್ಳೇ ಗಂಡು ನೋಡಿ ಕೊಡಿ, ಎಡಗೈಯವನು ಮಾತ್ರ ಬೇಡ’ ಅಂದ್ರು. ನಾನೇನ್ ಮಾಡ್ಲಿ?”

ಎರಡು ತಿಂಗಳ ಕೋಡುಬಳೆಗಳು ಒಂದೊಂದಾಗಿ ನನ್ನ ಕಣ್ಮುಂದೆ ಸುಳಿದವು. ನಾಚಿಕೆಯಿಂದ ಕುಸಿಯಬೇಕಾಗಿತ್ತು, ಆದರೆ ನಗು ಮುಂದೆ ಬಂತು. ಅವನೂ ನಕ್ಕ. ಯಂತ್ರಕ್ಕೆ ಒರಗಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಬುಟ್ಟಿಯ ಪಕ್ಕದ ಬೆಂಚಿನಲ್ಲಿ ಕೂತ.

“ಫೆಬ್ರವರಿಲಿ ಎಲ್ಲಾ ಟೀಮೂ ಪ್ರ್ಯಾಕ್ಟೀಸ್ ಶುರು ಮಾಡತ್ತೆ. ಅಷ್ಟೊತ್ತಿಗೂ ಯಾರೂ ಫೋನ್ ಮಾಡದೆ ಉಳ್ಕೊಳ್ಳೋರು ಒಂದಷ್ಟು ಜನ ಇರ್ತಾರೆ. ಈ ವರ್ಷ ನಾನು ನ್ಯೂಸಲ್ಲಿ ಮೊದಲು ಹುಡುಕೋದು ಅವರ ಹೆಸರನ್ನೇ,” ಎಂದ.

ಅವನ ಗಡುವೂ ಫೆಬ್ರವರಿಯಲ್ಲೇ ಮುಗಿಯುತ್ತಿತ್ತು. ಮೇಲಿನ ಮಹಡಿಯಲ್ಲಿ ಬೇರೆ ಯಾರದೋ ಹೆಜ್ಜೆಯ ಸದ್ದು ಕೇಳಿಸುವುದನ್ನು ನಾನು ಊಹಿಸಿಕೊಂಡೆ. ನನಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ. ಈ ಮನುಷ್ಯ ಹೊರಟುಹೋದರೆ ನನಗೆ ತುಂಬ ನೋವಾಗುತ್ತದೆ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ, ಒದ್ದೆ ಸೋಪಿನ ವಾಸನೆಯ ಆ ನೆಲಮಾಳಿಗೆಯಲ್ಲಿ.

“ಆ ಫೋಟೋ ವಾಪಸ್ ಕೊಡ್ಬೇಡಿ. ನಿಮ್ಮ ಹತ್ರಾನೇ ಇರ್ಲಿ,” ಎಂದೆ.

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸರದಿಯ ಮುದುಕಿ ಬಾಗಿಲು ತೆರೆದು ನಮ್ಮನ್ನೂ ಗೋಡೆಯ ಗಡಿಯಾರವನ್ನೂ ನೋಡಿದಳು. ಈ ದೇಶದಲ್ಲಿ ಪ್ರೇಮಕ್ಕೆ ವಿನಾಯಿತಿ ಕೊಡುತ್ತಾರೆ, ಬಟ್ಟೆ ಒಗೆಯುವ ಸರದಿ ಮೀರಿದವರಿಗೆ ಕೊಡುವುದಿಲ್ಲ. ನಾವು ಬುಟ್ಟಿ ಎತ್ತಿಕೊಂಡು ಹೊರಬಿದ್ದೆವು.

ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೊಂಚವೂ ವಿಚಲಿತಳಾಗಲಿಲ್ಲ.

“ಹಾಗಾದ್ರೆ ಬ್ರೋಕರ್ ಅಲ್ಲ.”

“ಅಲ್ಲಮ್ಮ.”

“ಕೆಲಸವೂ ಇಲ್ಲ.”

“ಇಲ್ಲ.”

ಅಮ್ಮ ಒಲೆಯ ಮೇಲಿನ ಹಾಲಿಗೆ ಉರಿ ತಗ್ಗಿಸಿದಳು.

“ಎಡಗೈಯವನಾ?”

“ಅಲ್ಲಮ್ಮ, ಬಲಗೈ.”

“ಸರಿ ಮತ್ತೆ,” ಎಂದು ಹಾಲು ಇಳಿಸಿದಳು.

ಅಮ್ಮ ಊರಿಗೆ ಹೊರಡುವ ವಾರ ಕಾರ್ಲ್‌ಸ್ಕ್ರೂನಾದ ಒಂದು ಚಿಕ್ಕ ಕಂಪನಿಯಿಂದ ಅವನಿಗೆ ಕರೆ ಬಂತು. ಅದೇ ದಿನ ಅವನ ತಂಡ ಆ ಎಡಗೈಯವನನ್ನು ಕೊಟ್ಟು ಇಬ್ಬರು ಹುಡುಗರನ್ನು ತಂದಿತು. ಕೆಲಸ ಸಿಕ್ಕವನು ಹೀಗೆ ಸಪ್ಪೆ ಮೋರೆ ಹಾಕಿಕೊಂಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. “ಒಬ್ಬ ಸಾಕು ಅಂತ ನಾನು ಹೇಳಿದ್ನಲ್ಲ,” ಎಂದು ಅಮ್ಮ ವಿಮಾನ ನಿಲ್ದಾಣದಲ್ಲಿ ಅವನನ್ನು ಸಮಾಧಾನ ಮಾಡಿದಳು. ಅವಳ ಮಾತೇ ನಿಜವಾಯಿತು. ಆ ಇಬ್ಬರಲ್ಲಿ ಒಬ್ಬ ಮೊಣಕಾಲು ಮುರಿದುಕೊಂಡ, ಇನ್ನೊಬ್ಬನ ಸುದ್ದಿಯೇ ಇಲ್ಲ. ನಾನು ರೈಲು ಹಿಡಿದು ಕಾರ್ಲ್‌ಸ್ಕ್ರೂನಾಗೆ ಅಲೆದದ್ದು, ಮದುವೆಯಾದದ್ದು, ಅವನು ಮತ್ತೆ ಸ್ಟಾಕ್‌ಹೋಮಿಗೆ ಬಂದದ್ದು, ಇವೆಲ್ಲ ಬೇರೆ ಕಥೆ. ನಮ್ಮ ಮಗಳು ಎಡಗೈಯವಳು ಎಂಬುದನ್ನು ಮಾತ್ರ ಇಲ್ಲಿ ಹೇಳಲೇಬೇಕು. ಬೇಸ್‌ಬಾಲಿನಲ್ಲಿ ಎಡಗೈಯಿಂದ ಚೆಂಡೆಸೆಯುವವರಿಗೆ ಬೆಲೆ ಹೆಚ್ಚಂತೆ, ಅವಳು ಎಡಗೈಯಲ್ಲಿ ಚಮಚ ಹಿಡಿದ ದಿನ ಮಧು ಕಾರ್ಲ್‌ಸ್ಕ್ರೂನಾದ ರವಿಗೆ ಫೋನ್ ಮಾಡಿ ಸಂಭ್ರಮಿಸಿದ್ದ.

ಈಗ, ನಾನು ಮನೆಯಲ್ಲಿ ಯಾಕಿದ್ದೆ ಎಂಬ ವಿಷಯ. ಕಳೆದ ತಿಂಗಳು ನಮ್ಮ ಆಫೀಸು ಒಂದಷ್ಟು ಜನರನ್ನು ಮನೆಗೆ ಕಳಿಸಿತು, ಅದರಲ್ಲಿ ನಾನೂ ಒಬ್ಬಳು. ನಾವೀಗ ಇಲ್ಲಿನ ಪಾಸ್‌ಪೋರ್ಟಿನವರು, ದೇಶ ಬಿಡುವ ಭಯವಿಲ್ಲ. ಆದರೂ ಬೇಡವಾದವಳು ಎನಿಸಿಕೊಳ್ಳುವುದು ಎಷ್ಟು ಉರಿಯುತ್ತದೆ ಎಂದು ನನಗೆ ಈಗ ತಿಳಿಯಿತು. ಅಮ್ಮನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ ಅವಳ ಕರೆಗಳನ್ನು ತಪ್ಪಿಸುತ್ತಿದ್ದೆ.

ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಧು ಎಣ್ಣೆಯ ಬಾಟಲಿಯನ್ನು ಹೀಟರಿನ ಮೇಲಿಟ್ಟು, ಗ್ಲೌಸನ್ನು ನನ್ನ ಮಡಿಲಿಗೆ ಹಾಕಿದ. “ಆಫ್ ಸೀಸನ್ ಕಣೇ, ಅಷ್ಟೇ. ತಗೋ, ಈ ಸಲ ನೀನು ಹಚ್ಚು,” ಎಂದ. ಅಷ್ಟು ವರ್ಷ ಆಡಿಕೊಂಡು ನಕ್ಕಿದ್ದ ಆ ಗ್ಲೌಸಿಗೆ ಎಣ್ಣೆ ತಿಕ್ಕುತ್ತ ಕೂತೆ. ಚರ್ಮ ಮೆತ್ತಗಾಗುತ್ತ ಬಂತು. ಎಣ್ಣೆಗೈಯಲ್ಲೇ ಅಮ್ಮನಿಗೆ ವಿಡಿಯೋ ಕರೆ ಮಾಡಿದೆ.

“ಅಮ್ಮಾ, ನಾನೀಗ ಫ್ರೀ ಏಜೆಂಟ್.”

ಆ ಕಡೆ ಪಾತ್ರೆಯ ಸದ್ದು ನಿಂತಿತು. ಈ ಸಲ ಅವಳಿಗೆ ಸರಿಯಾಗಿಯೇ ಅರ್ಥವಾಗಿತ್ತು.

“ಯಾವಾಗಿಂದ?”

“ಹೋದ ತಿಂಗಳಿಂದ.”

“ಊಟ ಸರಿಯಾಗಿ ಮಾಡ್ತಿದೀಯಾ?”

“ಹೂಂ.”

“ಸಂಕ್ರಾಂತಿ ಕಳೀಲಿ, ಯಾರಾದ್ರೂ ಕರೀತಾರೆ,” ಎಂದಳು. ಕಣ್ಣು ಒರೆಸಿಕೊಂಡಳೋ, ಬೆವರು ಒರೆಸಿಕೊಂಡಳೋ, ಸೆರಗಂತೂ ಮುಖದ ಮೇಲೆ ಹೋಯಿತು. ಸೆರಗು ಇಳಿದಾಗ ಅವಳ ಮುಖದಲ್ಲಿ ತುಂಟತನವಿತ್ತು. “ಹೇಗೂ ಏಜೆಂಟ್ ಆಗಿದೀಯ, ಅದೂ ಫ್ರೀ. ಸುಮ್ನೆ ಕೂರೋ ಬದಲು ಎದುರುಮನೆ ಸುಧಂಗೊಂದು ಗಂಡು ನೋಡು.”

“ಎಡಗೈಯವನಾದ್ರೆ ಪರವಾಗಿಲ್ವಾ?”

“ಪರವಾಗಿಲ್ಲ,” ಎಂದಳು ಅಮ್ಮ. “ಭುಜ ಮಾತ್ರ ಗಟ್ಟಿಯಾಗಿರ್ಲಿ.”