ಡಾಕ್ಟರ ಎದುರು ಪ್ರತಿಮಾ ನುಂಗಿದ ಮಾತು

ಬೆಳಗಿನ ಆರೂಕಾಲು. ನಿಟ್ಟೂರಿನ ಹಾಲಿನ ಡೈರಿ ಎದುರು ಕ್ಯಾನು ಹಿಡಿದ ಹೆಂಗಸರ ಸಾಲು. ಎಲ್ಲರೂ ಹಾಲು ಹಾಕಲು ಬಂದಿದ್ದರೆ ಆಶಾ ಕಾರ್ಯಕರ್ತೆ ಪ್ರತಿಮಾ ಬಂದಿರುವುದು ಮಾತು ಹಾಕಲು. ಹೆಸರು ಪ್ರತಿಮಾ ಆದರೂ ಒಂದು ಕಡೆ ನಿಲ್ಲುವ ಜೀವವಲ್ಲ. ಸಾಲಿನ ಉದ್ದಕ್ಕೂ ಸುತ್ತುತ್ತ, ಒಬ್ಬೊಬ್ಬರನ್ನೂ ಹಿಡಿದು ಕೇಳುತ್ತಾರೆ: “ಮುಟ್ಟು ನಿಂತ ಮೇಲೂ ರಕ್ತ ಹೋಗ್ತದಾ? ಗಂಡನ ಜತೆ ಮಲಗಿದ ಮೇಲೆ ಹೋಗ್ತದಾ?”

“ಶ್! ಮೆಲ್ಲಗೆ ಮಾರಾಯ್ತಿ. ಶಿವು ಇಲ್ಲೇ ಇದಾನೆ,” ಎಂದು ಒಬ್ಬಾಕೆ ಹಾಲು ಅಳೆಯುವವನತ್ತ ಕಣ್ಣು ಮಾಡುತ್ತಾರೆ.

“ಕೇಳ್ಲಿ ಬಿಡೇ. ಅವನಿಗೂ ಹೆಂಡ್ತಿ ಇದಾಳಲ್ಲ.”

ಶಿವು ತಲೆ ಎತ್ತದೆ ಅದೇ ಕ್ಯಾನಿನ ಹಾಲನ್ನು ಎರಡನೇ ಸಲ ಅಳೆಯುತ್ತಾನೆ.

ಹದಿಮೂರು ವರ್ಷದ ಕೆಲಸ, ಇನ್ನೂರ ಹನ್ನೆರಡು ಮನೆ, ದಿನಕ್ಕೆ ಎಂಟೊಂಬತ್ತು ಕಿಲೋಮೀಟರ್ ನಡಿಗೆ. ಹೊಸನಗರದ ಬಸ್ಸು ತಪ್ಪಿದರೆ ಆ ದಿನವೇ ಹೋದ ಹಾಗೆ. ಇವೆಲ್ಲ ಲೆಕ್ಕವನ್ನು ಪ್ರತಿಮಾ ಪಟಪಟನೆ ಒಪ್ಪಿಸುತ್ತಾರೆ. ಜಲಜಮ್ಮನ ಸುದ್ದಿ ಬಂದರೆ ಮಾತ್ರ ಕಣ್ಣು ನೆಲಕ್ಕೆ ಇಳಿಯುತ್ತದೆ.

ಈ ಕಡೆ ಹೆಂಗಸರ ತೊಂದರೆಗೆ ಡಾಕ್ಟರ ಹತ್ತಿರ ಹೋದರೆ ತೊಂದರೆ ಇದ್ದವರು ಬಾಯಿ ಬಿಡುವುದಿಲ್ಲ. ಅವರು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಒಳಗೆ ಹೋಗಿ ಹೇಳುವುದು ಜತೆಗೆ ಬಂದ ಆಶಾ ಅಕ್ಕ. “ಕಾಯಿಲೆ ಅವರ್ದು, ಬಾಯಿ ನಂದು,” ಎನ್ನುತ್ತಾರೆ ಪ್ರತಿಮಾ.

ಜಲಜಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಮುಟ್ಟು ನಿಂತು ನಾಲ್ಕು ವರ್ಷದ ಮೇಲೆ ಮತ್ತೆ ರಕ್ತ ಕಂಡಾಗ, ಅದನ್ನು ಹೇಳಿದ್ದು ಪ್ರತಿಮಾಗೆ ಮಾತ್ರ. ಇಬ್ಬರೂ ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದರು. ಜಲಜಮ್ಮ ಹೊರಗೆ ಬೆಂಚಿನ ಮೇಲೆ ಕೂತರು, ಪ್ರತಿಮಾ ಒಳಗೆ ಹೋದರು. ಒಳಗೆ ವಯಸ್ಸಾದ ಡಾಕ್ಟರು, ಪಕ್ಕದಲ್ಲೇ ಗುರುತಿನ ಕಾಂಪೌಂಡರ್. ‘ರಕ್ತ’ ಎನ್ನಬೇಕಾದ ಬಾಯಿ ಒಣಗಿತು. “ಸ್ವಲ್ಪ ಬಿಳಿ ಹೋಗ್ತದೆ ಸರ್, ಸುಸ್ತು,” ಅಂದರು ಪ್ರತಿಮಾ. ಮಾತ್ರೆ ಸಿಕ್ಕಿತು.

ತಿಂಗಳ ನಂತರ ಧೈರ್ಯ ಮಾಡಿ ರಕ್ತ ಎಂದೇ ಹೇಳಿದರು. ಡಾಕ್ಟರು ಹಳೆ ಚೀಟಿ ನೋಡಿದರು, ರೋಗಿಯನ್ನು ಕರೆದು ಪರೀಕ್ಷೆ ಮಾಡಲಿಲ್ಲ. “ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ.” ಮೂರನೇ ಸಲವೂ ಅದೇ ಮಾತು, ಅದೇ ಮಾತ್ರೆ. ಎಂಟು ತಿಂಗಳು ಕಳೆದು ಶಿವಮೊಗ್ಗದಲ್ಲಿ ಚೂರು ತೆಗೆದು ಪರೀಕ್ಷಿಸಿದಾಗ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿಯಿತು. ರೇಡಿಯೇಷನ್ ಮುಗಿಸಿದ ಜಲಜಮ್ಮನಿಗೆ ಈಗ ಅನ್ನದ ಡಬರಿ ಎತ್ತಲು ಆಗುವುದಿಲ್ಲ.

ದಾರಿ ತೋರಿಸಿದವರು ಸಾಗರದ ವಕೀಲೆ ವಿನಯಾ. ಫೀಸು ಕೊಟ್ಟು ತೋರಿಸಿಕೊಂಡವರು ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಹೆಂಗಸರಿಗೆ ಕಾನೂನು ಸೇವಾ ಸಮಿತಿ, ಆದಾಯ ಎಷ್ಟೆಂದು ನೋಡದೆ, ವಕೀಲರನ್ನು ಪುಕ್ಕಟೆ ಕೊಡುತ್ತದೆ. ಚಿಕಿತ್ಸೆಯ ದಾಖಲೆ ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು. ಇದನ್ನೆಲ್ಲ ಪ್ರತಿಮಾ ಈಗ ರಿಜಿಸ್ಟರಿನ ರಟ್ಟಿನ ಹಿಂದೆ ಬರೆದುಕೊಂಡಿದ್ದಾರೆ.

ದೂರು ದಾಖಲಾಯಿತು. ‘ರಕ್ತಸ್ರಾವದ ವಿಷಯ ನನಗೆ ಯಾರೂ ಹೇಳಲೇ ಇಲ್ಲ’ ಎಂದು ಡಾಕ್ಟರ ಉತ್ತರ ಬಂತು. ಹೇಳಿದ್ದಕ್ಕೆ ಸಾಕ್ಷಿ ಪ್ರತಿಮಾ ಒಬ್ಬರೇ.

ಅಫಿಡವಿಟ್ಟಿಗೆ ವಿನಯಾರ ಆಫೀಸಿಗೆ ಹೋದ ದಿನ, ಜಲಜಮ್ಮ ನೀರು ಕುಡಿಯಲು ಎದ್ದಾಗ ಪ್ರತಿಮಾ ಮೆಲ್ಲಗೆ ಕೇಳಿದರು: “ಮೊದಲ್ನೇ ಸಲದ್ದು ಬಿಟ್ಟು ಬರೀಬಹುದಾ ಮೇಡಂ? ಜಲಜಕ್ಕಂಗೆ ಅದು ಗೊತ್ತಿಲ್ಲ.”

“ಬಿಟ್ರೆ ಪಾಟೀಸವಾಲಿನಲ್ಲಿ ಅವರ ವಕೀಲರೇ ಎಳೆದು ಹಾಕ್ತಾರೆ. ಆಮೇಲೆ ಎರಡನೇ ಸಲದ್ದನ್ನೂ ಯಾರೂ ನಂಬಲ್ಲ.”

ಜಲಜಮ್ಮ ಬಂದು ಕೂತರು. ಪ್ರತಿಮಾ ಅವರ ಮುಖ ನೋಡದೆ, ಮೇಜಿನ ಅಂಚು ಕೆರೆಯುತ್ತ ಹೇಳಿಬಿಟ್ಟರು: “ಜಲಜಕ್ಕಾ, ಮೊದಲ್ನೇ ದಿನ ನಾನು ರಕ್ತ ಅನ್ಲಿಲ್ಲ. ನಾಚ್ಕೆ ಆಯ್ತು. ಬಿಳಿ ಅಂದುಬಿಟ್ಟೆ. ಒಂದು ತಿಂಗಳು ನಾನೇ ತಿಂದೆ ನಿಂದು.”

“ನಂಗೊತ್ತು.”

“ಎಂತ?”

“ಬಾಗಿಲಿಗೆ ಇದ್ದಿದ್ದು ಬರೀ ಪರದೆ ಕಣೇ. ಎಲ್ಲಾ ಕೇಳ್ತು. ‘ಸದ್ಯ, ಇವಳು ಹೇಳ್ಲಿಲ್ಲ’ ಅಂತ ನಾನೂ ಉಸಿರು ಬಿಟ್ಟೆ. ನಾಚ್ಕೆ ನಿಂದೊಂದೇ ಅಂದ್ಕೊಂಡ್ಯಾ?”

ಪ್ರತಿಮಾ ವಕೀಲೆಯತ್ತ ತಿರುಗಿದರು. “ಬರೀರಿ ಮೇಡಂ. ‘ತಿಳಿಸಲು ಸಂಕೋಚವಾಯಿತು’ ಅಂತೆಲ್ಲ ಬೇಡ. ಸುಳ್ಳು ಹೇಳಿದೆ ಅಂತಾನೇ ಬರೀರಿ.”

ಪ್ರಿಂಟು ಬಂತು. ಪ್ರತಿಮಾ ಪೆನ್ನು ಎತ್ತಿ ಸಹಿ ಹಾಕತೊಡಗಿದರು. ಅಷ್ಟರಲ್ಲಿ ಜಲಜಮ್ಮ ಸೆರಗಿನ ತುದಿ ಬಾಯಿಗೆ ಹಿಡಿದು, ಕತ್ತು ವಾರೆ ಮಾಡಿ, ಇಲಿಯಂಥ ದನಿಯಲ್ಲಿ ಶುರು ಮಾಡಿದರು: “ಸ್ವಲ್ಪ ಬಿಳೀ ಹೋಗ್ತದೆ ಸಽಽರ್... ಸುಸ್ತೂ...”

ಥೇಟ್ ಪ್ರತಿಮಾರದೇ ದನಿ. ವಕೀಲೆ ಬಾಯಿಗೆ ಫೈಲು ಅಡ್ಡ ಹಿಡಿದರು. ಜಲಜಮ್ಮ ತಾವೇ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡರು. ಪ್ರತಿಮಾ ಸಹಿಯ ಅರ್ಧಕ್ಕೆ ಪೆನ್ನು ಬಿಟ್ಟು, ಕಣ್ಣೀರು ಒರೆಸಿಕೊಳ್ಳಲೂ ಆಗದೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.