ಮಾದೇವಕ್ಕ ಪಳಗಿಸಿದ ಹಂಚು

ಹಿಮಾಯತ್‌ನಗರದ ಪಾತ್ರೆ ಅಂಗಡಿಯೊಂದರಲ್ಲಿ ಇವತ್ತು ಬೆಳಿಗ್ಗೆ ಮಾರುವವನು ಹೊಸ ನಾನ್‌ಸ್ಟಿಕ್ ಹಂಚನ್ನು ಒಲೆಯ ಮೇಲಿಟ್ಟು, ಎಣ್ಣೆಯಿಲ್ಲದೆ ಮೊಟ್ಟೆ ಜಾರಿಸಿ ತೋರಿಸುತ್ತಿದ್ದ. ಹಂಚು ಮೊದಲ ಸಲ ಕಾದಾಗ ಏಳುವ ಆ ವಾಸನೆ ನಿಮಗೂ ಗೊತ್ತಿರಬಹುದು. ನನಗಂತೂ ಅದು ಮೂಗಿಗೆ ಬಡಿದೊಡನೆ ಇಟ್ಟಿಗೆ ಪುಡಿ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಎಲ್ಲಿಯ ನಂಟು ಎನ್ನುತ್ತೀರಿ. ಹೇಳುತ್ತೇನೆ.

ಆಗ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ನಾನೂ ಧಾರವಾಡದ ಶೈಲಾಳೂ ಕಂಪ್ಯೂಟರಿನ ಮುಂದೆ ಕೂರುವ ಕೆಲಸದಲ್ಲಿದ್ದೆವು. ಈ ಅಂಗಡಿಯ ಬೀದಿಯ ಹಿಂದಿನ ಓಣಿಯಲ್ಲೇ ಇಬ್ಬರಿಗೂ ಸೇರಿ ಎರಡು ಕೋಣೆಯ ಮನೆ. ಯಾದಗಿರಿ ಕಡೆಯ ಮಾದೇವಕ್ಕ ಅಂಥ ಕಟ್ಟಡಗಳಿಗೇ ಇಟ್ಟಿಗೆ ಹೊತ್ತು ಸೊಂಟ ಕಳೆದುಕೊಂಡಿದ್ದರು.

"ಇನ್ನ ಬುಟ್ಟಿ ಹೊರಾಕ ಆಗಂಗಿಲ್ರಿ ಅಕ್ಕಾರ. ಒಂದ್ ಅಡಿಗಿ ಕೆಲಸ ಸಿಕ್ರ ಬದುಕ್ತೀನ್ರಿ" ಎಂದು ಬಾಗಿಲಲ್ಲಿ ನಿಂತು ಕೇಳಿದರು. ಒಂದು ತಿಂಗಳು ನೋಡೋಣ ಎಂದೆವು. ನಮ್ಮ ತಾಯಿಯ ವಯಸ್ಸಿನವರನ್ನು ಪರೀಕ್ಷೆಗೆ ಕೂರಿಸುವ ಗತ್ತು ನಮಗೆ ಎಲ್ಲಿಂದ ಬಂದಿತ್ತೋ.

ನಾನು ದಿನಚರಿ ಬರೆಯುವವಳು. ಬರೆಯುವುದೆಂದರೆ ಮನದ ಅಳಲನ್ನಲ್ಲ. ಎಷ್ಟು ದೋಸೆ ಹೊಯ್ದೆವು, ಎಷ್ಟು ಎದ್ದವು, ಎಷ್ಟು ಹರಿದವು ಎಂದು. ಮನೆಯೊಡತಿ ಕೊಟ್ಟಿದ್ದ ಹಳೆಯ ಹಂಚಿನಲ್ಲಿ ಒಂದು ವಾರಕ್ಕೆ ಮೂವತ್ತೊಂದು ದೋಸೆ ಹೊಯ್ದು ಹತ್ತೊಂಬತ್ತು ಹರಿದಿದ್ದವು. ಆ ಲೆಕ್ಕವನ್ನೇ ಮುಂದಿಟ್ಟು ಶೈಲಾಳನ್ನು ನಾನ್‌ಸ್ಟಿಕ್ ಸೆಟ್ಟಿಗೆ ಒಪ್ಪಿಸಿದೆ. ಮೂರು ಭಾನುವಾರ, ಏಳು ಅಂಗಡಿ. ತಳ ದಪ್ಪವಿರಬೇಕು, ಹಿಡಿಕೆ ಅಲುಗಬಾರದು, ಮುಚ್ಚಳ ಗಾಜಿನದಾಗಬೇಕು. ಕೋಠಿ ಪೇಟೆಯಲ್ಲಿ ನಾನು ಹಂಚನ್ನು ನಾಲ್ಕನೆಯ ಸಲ ಮಗುಚಿ ನೋಡುತ್ತಿದ್ದಾಗ ಅಂಗಡಿಯವನು, "ಇತ್ತಾ ತೋ ಲೋಗಾಂ ದಾಮಾದ್ ಕೋ ಭೀ ನೈ ದೇಖ್ತೇ, ಮೇಡಂ" ಎಂದ. ಅಳಿಯನನ್ನು ಆರಿಸುವಾಗಲೂ ಜನ ಇಷ್ಟು ನೋಡುವುದಿಲ್ಲವಂತೆ. ಶೈಲಾ ರಸ್ತೆಗೆ ಬಂದ ಮೇಲೂ ನಗುತ್ತಿದ್ದಳು.

ಅಂತೂ ಒಂದು ಹಂಚು, ಒಂದು ಬಾಣಲೆ, ಒಂದು ಸಣ್ಣ ಪಾತ್ರೆ ಮನೆಗೆ ಬಂದವು. ಜೊತೆಗೆ ನಾನು ಸಿದ್ಧಪಡಿಸಿದ ಒಂಬತ್ತು ನಿಯಮ. ಉರಿ ಸಣ್ಣದಿರಬೇಕು, ಬರಿದೇ ಕಾಯಿಸಬಾರದು, ಕಬ್ಬಿಣದ ಚಮಚ ತಾಗಿಸಬಾರದು, ಅಡುಗೆಯಾದ ಮೇಲೆ ಗಸಗಸ ತಿಕ್ಕಬಾರದು. ಮಾದೇವಕ್ಕ ಕೈಕಟ್ಟಿ ನಿಂತು ಕೇಳಿ, ಒಂಬತ್ತನ್ನೂ ತಪ್ಪದೆ ಒಪ್ಪಿಸಿದರು. ಒಂಬತ್ತಕ್ಕೆ ಒಂಬತ್ತು ಎಂದು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬರುವಾಗ ಹಿತ್ತಲ ಕಡೆಯಿಂದ ಕೆರೆಯುವ ಸದ್ದು. ಮಾದೇವಕ್ಕ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರಿಗೆ ಇಟ್ಟಿಗೆ ಪುಡಿ ಹಾಕಿಕೊಂಡು ಹೊಸ ಹಂಚನ್ನು ಉಜ್ಜುತ್ತಿದ್ದರು. ಹಂಚು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವರ ಮುಖವೂ.

"ನೋಡ್ರಿ ಅಕ್ಕಾರ, ಎಷ್ಟು ಕರೀ ಬಿಟ್ಟೈತಿ! ಅಂಗಡ್ಯಾಂವ ಭಾಳ ಮೋಸಗಾರ, ಮ್ಯಾಲ ಬಣ್ಣ ಬಳದಾನ. ಇನ್ನ ಉಳ್ಳಾಗಡ್ಡಿ ಎಣ್ಣಿ ಹಚ್ಚಿ ಕಾಸಿದ್ರ ಆತು, ಪಳಗತೈತಿ."

ಶೈಲಾ ಓಡಿ ಬಂದಳು. "ಅಯ್ಯ ಮಾದೇವಕ್ಕಾ! ತಿಕ್ಕಬ್ಯಾಡ ಅಂತ ಹೇಳಿರಲಿಲ್ಲೇನು?"

"ಅಡಿಗಿ ಆದ ಮ್ಯಾಲ ತಿಕ್ಕಬ್ಯಾಡ ಅಂದಿದ್ರಿ. ಇದರಾಗ ಇನ್ನಾ ಅಡಿಗೀನ ಮಾಡಿಲ್ಲಲ್ರಿ!"

ನಮ್ಮ ಊರ ಕಡೆಯೂ ಹೊಸ ಕಬ್ಬಿಣದ ಹಂಚನ್ನು ಪಳಗಿಸದೆ ಯಾರೂ ರೊಟ್ಟಿ ಬೇಯಿಸುವುದಿಲ್ಲ. ನಮ್ಮವ್ವ ಮೂರು ದಿನ ತಿಕ್ಕಿ, ಕಾಸಿ, ಮತ್ತೆ ತಿಕ್ಕುವುದನ್ನು ನೋಡಿಯೇ ಬೆಳೆದವಳು ನಾನು. ಆದರೂ ನನ್ನ ಒಂಬತ್ತು ನಿಯಮಗಳೂ ಒಲೆ ಹಚ್ಚಿದ ಮೇಲಿನವೇ. ಹಚ್ಚುವ ಮೊದಲಿನದು ಒಂದೂ ಇರಲಿಲ್ಲ.

ಆ ಕಪ್ಪೇ ಹಂಚಿನ ಜೀವ ಎಂದು ತಿಳಿಸಿ ಹೇಳಿದಾಗ ಅವರ ಕೈ ನಿಂತಿತು. ಹಂಚನ್ನು ಕೆಳಗಿಟ್ಟು, "ಹಂಗಾರ ನಾಳಿಂದ ಬರಬ್ಯಾಡೇನ್ರಿ?" ಎಂದರು.

ಬರಬೇಡಿ ಎಂದರೆ ಮತ್ತೆ ಬುಟ್ಟಿಯೇ ಎಂಬುದು ಮೂವರಿಗೂ ಗೊತ್ತಿತ್ತು. ಒಳಗೆ ಬಂದು ಶೈಲಾ ತಗ್ಗಿದ ದನಿಯಲ್ಲಿ, "ತಿಂಗಳಾ ನೋಡೂಣು ಅಂದಿದ್ವಿ. ನೋಡಿದ್ವಲ್ಲ" ಎಂದಳು. ಹೊಸ ಹಂಚಿನ ಸಂಕಟ ಅವಳದು. ಮೂರು ಭಾನುವಾರ ನನ್ನ ಹಿಂದೆ ಸುತ್ತಿದವಳು. ನಾನು ದಿನಚರಿ ತೆಗೆದೆ. ಮಾದೇವಕ್ಕ ಬಂದು ಇಪ್ಪತ್ತಮೂರು ದಿನ. ತಡವಾಗಿ ಬಂದದ್ದು ಇಲ್ಲ. ಉಪ್ಪು ಹೆಚ್ಚಾದದ್ದು ಒಮ್ಮೆ. ಆ ದಿನದ ಹಾಳೆಯಲ್ಲಿ 'ಹಂಚು ಕೆಟ್ಟಿತು' ಎಂದು ಬರೆದು, ಪಕ್ಕದಲ್ಲಿ 'ತಪ್ಪು ನನ್ನದು' ಎಂದು ಸೇರಿಸಿ ಅವಳ ಮುಂದೆ ಹಿಡಿದೆ.

ಅವಳು ಎರಡು ಸಲ ಓದಿದಳು. "ನಿನ್ನ ತಪ್ಪು ಈ ಪುಸ್ತಕದಾಗ ಬಂದದ್ದು ಇದ ಮೊದಲ, ಅಲಾ?" ಎಂದು ನಕ್ಕು ಹಿತ್ತಲಿಗೆ ಹೋದಳು. "ಮಾದೇವಕ್ಕಾ, ನಾಳೆ ಬರ್ರಿ. ಆದ್ರ ಆ ಬಾಣಲಿ ಪಳಗಸಾಕ ಹೋದ್ರ ನೋಡ್ರಿ ಮತ್ತ!"

ಮರುದಿನ ಮಾದೇವಕ್ಕ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ತಮ್ಮ ಕಬ್ಬಿಣದ ಹಂಚನ್ನೇ ತಂದರು. ರೊಟ್ಟಿಯಷ್ಟೇ ಅಲ್ಲ, ದೋಸೆಯೂ ಅದರಿಂದ ಹಾಳೆಯಂತೆ ಎದ್ದು ಬಂತು. ಒಂದು ವಾರ ಎಣಿಸಿದೆ: ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ಆಮೇಲೆ ಎಣಿಸುವುದನ್ನು ಬಿಟ್ಟೆ. ಬೆಳ್ಳಿ ಹಂಚು ಹಿಟ್ಟಿನ ಡಬ್ಬಿಗೆ ಮುಚ್ಚಳವಾಯಿತು. ಉಳಿದ ಬಾಣಲೆಯನ್ನು ಮಾದೇವಕ್ಕ ಬಾಣಂತಿಯಂತೆ ನೋಡಿಕೊಂಡರು. ಅದಕ್ಕೆಂದೇ ಅವರ ಗಂಡ ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ಹಲಗೆಯ ಚೂರಿನಿಂದ ಸೌಟು ಕೆತ್ತಿಕೊಟ್ಟರು. ನಾನು ಅಪ್ಪಿತಪ್ಪಿ ಸ್ಟೀಲ್ ಚಮಚ ಹಾಕಿದರೆ, "ಅಕ್ಕಾರ, ಮೂರನೇದು ಮರತ್ರೇನು?" ಎಂದು ನನ್ನ ನಿಯಮವನ್ನು ನನಗೇ ಒಪ್ಪಿಸುತ್ತಿದ್ದರು.

ಶೈಲಾ ಮದುವೆಯಾಗಿ ಪುಣೆಗೆ ಹೋದಳು. ಮಾದೇವಕ್ಕ ಈಗ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾರೆ, ನನ್ನದು ಅದರಲ್ಲೊಂದು. ಬಾಣಲೆ ಇಷ್ಟು ವರ್ಷ ಬಾಳಿ ಮೊನ್ನೆಯಿಂದ ತಳ ಹಿಡಿಯತೊಡಗಿದ್ದಕ್ಕೇ ನಾನು ಈ ಅಂಗಡಿಗೆ ಬಂದದ್ದು. ಎರಡು ಬಾಣಲೆ ಇಷ್ಟವಾದವು. ತೀರ್ಮಾನಿಸುವ ಮೊದಲು ಅವರಿಗೆ ಫೋನ್ ಮಾಡಿದೆ.

"ತಳಾ ದಪ್ಪ ಐತೇನ್ರಿ? ನಿಮಗ ತಿಳ್ಯಂಗಿಲ್ಲ, ತಡೀರಿ. ಕೋಠಿಯಾಗ ಬಸ್ ಹತ್ತಾಕತ್ತೀನಿ."

ಯಾವುದನ್ನು ಕಟ್ಟಲಿ ಎಂದು ಮಾರುವವನು ಕೇಳಿದ. ಆರಿಸುವವರು ಬರುತ್ತಿದ್ದಾರೆ ಎಂದೆ. ಅವನು ಒಂದು ಸ್ಟೂಲು ಎಳೆದುಕೊಟ್ಟ. ಇನ್ನೊಂದು ಹಾಕಿ ಎಂದೆ. ಬರುವವರು ಬೇಗ ಮುಗಿಸುವವರಲ್ಲ.